ಹದಿನಾಲ್ಕು ಪಾಯಿಂಟ್ ಆರು

ದಾಂಡೇಲಿಯ ನನ್ನ ಅಂಗಡಿಯ ಬೋರ್ಡಿನಲ್ಲಿ ‘ಸುಳ್ಳು ಹೇಳುವ ಮೀಟರುಗಳನ್ನು ಇಲ್ಲಿ ಸರಿಪಡಿಸಲಾಗುವುದು’ ಎಂದು ಬರೆಸಿದ್ದೇನೆ. ಬಿಲ್ ಪುಸ್ತಕದ ಪ್ರತಿ ಹಾಳೆಯ ತಲೆಯ ಮೇಲೂ ಅದೇ ಸಾಲು ಅಚ್ಚಾಗಿದೆ. ಬರೆಸಿದ್ದು ಜಂಬಕ್ಕೇ. ಇಪ್ಪತ್ತೆಂಟು ವರ್ಷ ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ ಮೀಟರಿನ ಮುಳ್ಳು ನೋಡಿ ನೋಡಿ ಕಣ್ಣು ಸವೆಸಿಕೊಂಡ ಹಾಶಿಮನಿಗೆ ಅಷ್ಟು ಜಂಬದ ಹಕ್ಕಾದರೂ ಬೇಡವೇ ಎಂದುಕೊಂಡಿದ್ದೆ. ಅಂಗಡಿಗೆ ತಕ್ಕಡಿ ಬರುತ್ತದೆ, ಸ್ಟೆಬಿಲೈಜರ್ ಬರುತ್ತದೆ, ಬಿ.ಪಿ. ಮಷೀನು ಬರುತ್ತದೆ. ಬಿ.ಪಿ. ಮಷೀನು ತರುವವರಲ್ಲಿ ಅರ್ಧ ಮಂದಿಗೆ ಅದು ಸರಿಯಾಗುವುದು ಬೇಕಿಲ್ಲ, ಕಡಿಮೆ ತೋರಿಸುವುದು ಬೇಕು. ಅಂಥವರನ್ನೆಲ್ಲ ಚೆನ್ನಾಗಿ ಬೈದು ವಾಪಸು ಕಳಿಸುತ್ತಿದ್ದೆ.

ಈಗ ಹೇಳುವ ಊರಿನ ಹೆಸರು ಹೇಳುವುದಿಲ್ಲ. ಹಳಿಯಾಳ ತಾಲೂಕಿನದು ಎಂದರೆ ಸಾಕು. ಆ ಊರಿನ ಕೆರೆಯಲ್ಲಿ ನನ್ನ ಅಕ್ಕ ಬೀಬಿಜಾನ ಮತ್ತು ಇನ್ನೊಂಬತ್ತು ಹೆಂಗಸರ ಸಂಘ ಮೀನು ಸಾಕುತ್ತಿತ್ತು. ಬೆರಳುದ್ದದ ಮರಿ ಬಿಟ್ಟು, ವರ್ಷವಿಡೀ ತೌಡು, ಶೇಂಗಾ ಹಿಂಡಿ ಕಲಸಿ ಹಾಕಿ, ಮೊಳದುದ್ದ ಮಾಡಿದ್ದರು. ದೀಪಾವಳಿ ಮುಗಿದ ಮೇಲೆ ಬಲೆ ಬೀಸುವುದಿತ್ತು. ಈ ಸಲ ಬಲೆ ಖಾಲಿ ಬಂದರೆ ಕೆರೆ ಸಂಘದ ಕೈತಪ್ಪಿ ಹರಾಜಿಗೆ ಹೋಗುತ್ತದೆ ಎಂದು ಕರಾರಿನಲ್ಲೇ ಬರೆದಿತ್ತು. ಹಾಗಾದರೆ ಅಕ್ಕ ಮತ್ತೆ ಹಿಟ್ಟಿನ ಗಿರಣಿಯ ಕಸ ಹೊಡೆಯಬೇಕು. ಅರವತ್ತರ ವಯಸ್ಸಿನಲ್ಲಿ ಅವಳ ಕೈಗೆ ಮತ್ತೆ ಕಸಬರಿಗೆ ಬರುವುದನ್ನು ನೋಡುವ ಗಟ್ಟಿತನ ನನಗಿರಲಿಲ್ಲ.

ಆ ಕೆರೆಯೇನು ಸಾಮಾನ್ಯದ್ದಲ್ಲ. ‘ಜಾಣ ಕೆರೆ’ ಎಂಬ ಯೋಜನೆಯಡಿ ಆಯ್ಕೆಯಾದ ಹನ್ನೆರಡು ಕೆರೆಗಳಲ್ಲಿ ಒಂದು. ಊರಿನವರು ಹೇಗಾದರೂ ಇರಲಿ, ಕೆರೆ ಮಾತ್ರ ಜಾಣವಾಗಿರಬೇಕು ಎಂದು ಮೇಲಿನವರ ಆಸೆ. ನೀರಿನಲ್ಲಿ ಒಂದು ಕಂಬ, ಕಂಬದಿಂದ ನೀರಿಗೆ ಇಳಿಬಿಟ್ಟ ಗೇಣುದ್ದದ ಸೆನ್ಸರು. ನೀರಿನಲ್ಲಿ ಮೀನಿನ ಉಸಿರಿಗೆ ಎಷ್ಟು ಆಮ್ಲಜನಕ ಕರಗಿದೆ ಎಂದು ಅದು ಅಳೆಯುತ್ತದೆ. ಬಸ್‌ಸ್ಟ್ಯಾಂಡಿನ ಎದುರು ಕೆರೆ ದಂಡೆಯ ಮೇಲಿನ ಬೋರ್ಡಿನಲ್ಲಿ ಆ ಅಂಕಿ ಕೆಂಪಗೆ ಹೊಳೆಯುತ್ತದೆ. ನಾಲ್ಕಕ್ಕಿಂತ ಕೆಳಗಿಳಿದರೆ ಕೆರೆಯೊಳಗಿನ ಚಕ್ರ ತಾನೇ ತಿರುಗಿ, ನೀರು ಚಿಮ್ಮಿಸಿ ಗಾಳಿ ಬೆರೆಸುತ್ತದೆ. ಚಕ್ರಕ್ಕೆ ಕೈಯಿಂದ ಒತ್ತುವ ಸ್ವಿಚ್ಚಿಲ್ಲ. ಸ್ವಿಚ್ಚಿಟ್ಟರೆ ಮನುಷ್ಯರು ಒತ್ತಿಬಿಡುತ್ತಾರೆ, ಆಮೇಲೆ ಕೆರೆಯ ಜಾಣತನಕ್ಕೇನು ಬೆಲೆ? ಪೆಟ್ಟಿಗೆಯ ಕೀಲಿ ಮಾತ್ರ ಕೆರೆ ಸಮಿತಿಯ ಅಧ್ಯಕ್ಷ ಅಡಿವೆಯ್ಯನವರ ಉಡದಾರದಲ್ಲಿ ತೂಗುತ್ತಿತ್ತು.

ದಸರೆಯ ಖಂಡೆಪೂಜೆ ಮುಗಿದ ಐದನೆಯ ದಿನ ಬೆಳಗ್ಗೆ ಅಕ್ಕನ ಫೋನು ಬಂತು. ನಮ್ಮ ಮನೆಮಾತು ಉರ್ದು. ಆದರೆ ಅಕ್ಕ ಸಿಟ್ಟಿಗೆದ್ದರೆ ಕನ್ನಡಕ್ಕೆ ಇಳಿಯುತ್ತಾಳೆ. ಅವತ್ತು ಫೋನೆತ್ತಿದ ಕೂಡಲೇ ಕನ್ನಡ.

“ಹಾಶಿಮ, ಮೀನೆಲ್ಲಾ ಮ್ಯಾಲ ಬಂದು ಬಾಯಿ ತಗದು ತಗದು ಗಾಳಿ ನುಂಗಾಕತ್ತಾವು. ನಾಕ ದಿನಾ ಆತು. ದಿನಾ ನಸಿಕಿನ್ಯಾಗ ಹಿಂಗ. ನಿನ್ನೆ ಏಳು ಸತ್ತು ತೇಲಿದ್ವು.”

“ಚಕ್ರ ತಿರಗಾಕತ್ತಿಲ್ಲೇನು ಆಪಾ? ಬೋರ್ಡನಾಗ ಎಷ್ಟೈತಿ?”

“ಹದಿನಾಲ್ಕು ಪಾಯಿಂಟ ಆರ ಐತಿ. ಊರ ಮಂದಿ ಚಪ್ಪಾಳಿ ಹೊಡಿಯಾಕತ್ತಾರ.”

ನಾನು ಚಹಾದ ಕಪ್ಪು ಕೆಳಗಿಟ್ಟೆ. ನಮ್ಮ ಕಡೆಯ ಹವೆಯಲ್ಲಿ, ಎಷ್ಟು ಗಾಳಿ ಬೆರೆಸಿದರೂ ನೀರು ಹಿಡಿದುಕೊಳ್ಳುವುದು ಏಳೂವರೆ, ಬಹಳವಾದರೆ ಎಂಟು. ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಅಂಕಿ ಇನ್ನಷ್ಟು ಏರಬಹುದು. ಆದರೆ ಅದೇ ಪಾಚಿ ರಾತ್ರಿಯಿಡೀ ಉಸಿರಾಡಿ ಬೆಳಗಾಗುವಷ್ಟರಲ್ಲಿ ಎಲ್ಲವನ್ನೂ ಬಳಿದು ಖಾಲಿ ಮಾಡುತ್ತದೆ. ನಸುಕಿನಲ್ಲಿ ಹದಿನಾಲ್ಕು ತೋರಿಸುವ ಕೆರೆ ಈ ಭೂಮಿಯ ಮೇಲಿಲ್ಲ. ಚೀಲಕ್ಕೆ ಸಾಮಾನು ತುಂಬಿಕೊಂಡು ಬೈಕು ಹತ್ತಿದೆ.

ಬೋರ್ಡಿಗೆ ಚೆಂಡುಹೂವಿನ ಮಾಲೆ ಹಾಕಿದ್ದರು. ಮುಂದೆ ಅಡಿವೆಯ್ಯನವರು ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿ, ಮಗಳ ಮದುವೆ ಮಾಡಿ ಮುಗಿಸಿದವರ ಗೆಲುವಿನಲ್ಲಿ ನಿಂತಿದ್ದರು. ಅವರ ಮನೆತನದಲ್ಲಿ ಮೀನು ತಿನ್ನುವುದಿರಲಿ, ಮೀನು ಎಂಬ ಶಬ್ದವನ್ನೂ ಆಡುವುದಿಲ್ಲ. ‘ನೀರಾಗಿನವು’ ಎನ್ನುತ್ತಾರೆ. ಆದರೆ ಆ ನೀರಾಗಿನವುಗಳ ಉಸಿರಿನ ಅಂಕಿ ಪೇಪರಿನಲ್ಲಿ ಅವರ ಫೋಟೋದ ಕೆಳಗೆ ಅಚ್ಚಾಗಿತ್ತು. ಪೇಪರಿನ ಆ ತುಂಡನ್ನು ಪ್ಲಾಸ್ಟಿಕ್ಕಿನೊಳಗೆ ಹಾಕಿಸಿ ಜೇಬಿನಲ್ಲಿಟ್ಟುಕೊಂಡಿದ್ದರು.

“ಬರ್ರಿ ಹಾಶಿಮಭಾಯಿ, ನೋಡ್ರಿ ನಮ್ಮ ಕೆರಿ ಕರಾಮತ್ತು! ಮೊದಲ ಆರು, ಆರೂವರಿ ಇರ್ತಿತ್ತು. ಖಂಡೆಪೂಜಿ ದಿನಾ ಆ ಕೊಳವಿ ಹೊರಗ ತಗಸಿದ್ವಿ. ಪಾಚಿ ಹಿಡದು ಹೊಲಸಾಗಿತ್ರಿ. ಹುಣಚಿಹಣ್ಣ ಹಚ್ಚಿ, ತೆಂಗಿನ ನಾರಿಲೆ ಗಸಗಸ ತಿಕ್ಕಿಸಿ, ಮೂರ ಪಟ್ಟಿ ವಿಭೂತಿ ಬಳದು, ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ ನೀರಿಗೆ ಬಿಟ್ವಿ. ಅವತ್ತಿಂದ ಹದಿನಾಲ್ಕರ ಕೆಳಗ ಇಳದಿಲ್ಲ!”

“ತಿಕ್ಕಿದವರು ಯಾರ್ರಿ ಅಯ್ಯನವರ?”

“ನಮ್ಮ ದ್ಯಾಮಪ್ಪ. ಗುಡಿ ಕಳಸ ತಿಕ್ಕೂ ಕೈ ಅದು.”

ದ್ಯಾಮಪ್ಪ ಪಕ್ಕದಲ್ಲೇ ಇದ್ದ. ಹೊಗಳಿಕೆಗೆ ನಾಚಿ ತಲೆ ತಗ್ಗಿಸಿದ.

ಪೂಜೆಯ ಬಗ್ಗೆ ನನ್ನ ತಕರಾರಿಲ್ಲ. ಖಂಡೆಪೂಜೆಗೆ ನನ್ನ ಅಂಗಡಿಯ ಬಾಗಿಲಿಗೂ ಹೂಮಾಲೆ ಬೀಳುತ್ತದೆ, ನನ್ನ ಮೀಟರಿನ ಪೆಟ್ಟಿಗೆಗೆ ದರ್ಗಾದ ತಾಯತವೂ ಇದೆ. ಪೆಟ್ಟಿಗೆಗೆ ಕಟ್ಟಿದ್ದೇನೆಯೇ ಹೊರತು ಮೀಟರಿನ ಮೂತಿಗೆ ಕಟ್ಟಿಲ್ಲ. ಈ ಸೆನ್ಸರಿನ ಮೂತಿಯಲ್ಲಿ ಈರುಳ್ಳಿಯ ಒಳಪೊರೆಯಷ್ಟು ತೆಳುವಾದ ಒಂದು ಪೊರೆ ಇರುತ್ತದೆ. ಅದರ ಹಿಂದೆ ನಾಲ್ಕು ಹನಿ ಉಪ್ಪುನೀರು, ಒಂದು ಬೆಳ್ಳಿಯ ಉಂಗುರ, ಸಾಸಿವೆಯಷ್ಟು ಚಿನ್ನ. ಪೊರೆ ದಾಟಿ ಬಂದ ಆಮ್ಲಜನಕದಿಂದ ಒಂದಿಷ್ಟೇ ಇಷ್ಟು ಕರೆಂಟು ಹುಟ್ಟುತ್ತದೆ, ಅದೇ ಬೋರ್ಡಿನ ಅಂಕಿ. ಅದನ್ನು ಒದ್ದೆ ಹತ್ತಿಯಿಂದ ಮಗುವಿನ ಕಣ್ಣು ಒರೆಸಿದ ಹಾಗೆ ಒರೆಸಬೇಕು. ನಮ್ಮ ದ್ಯಾಮಪ್ಪ ಕಳಸ ತಿಕ್ಕಿದ ಹಾಗೆ ತಿಕ್ಕಿದ್ದ. ಪೊರೆ ಹರಿದು, ಕೆರೆಯ ನೀರು ಒಳಗೆ ನುಗ್ಗಿ, ಕರೆಂಟು ಅಂಕೆ ತಪ್ಪಿ ಹರಿಯುತ್ತಿತ್ತು. ಅದನ್ನು ಇವರು ಉನ್ನತಿ ಎಂದು ಓದಿಕೊಂಡಿದ್ದರು.

ಬರಿಯ ಬಾಯಿಮಾತನ್ನು ಯಾರು ನಂಬುತ್ತಾರೆ? ಸೆನ್ಸರನ್ನು ಮೇಲೆತ್ತಿಸಿದೆ. ಒಂದು ಸ್ಟೀಲ್ ಗ್ಲಾಸಿನಲ್ಲಿ ನೀರು ತರಿಸಿ ನನ್ನ ಚೀಲದ ಬಿಳಿ ಪುಡಿ ಹಾಕಿ ಕಲಕಿದೆ. ಆ ಪುಡಿ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ನುಂಗಿಬಿಡುತ್ತದೆ. ಸೆನ್ಸರು ಸರಿ ಇದ್ದರೆ ಅದರಲ್ಲಿ ಸೊನ್ನೆ ತೋರಿಸಲೇಬೇಕು.

“ನೋಡ್ರಿ, ಈ ಗ್ಲಾಸನ್ಯಾಗ ಮೀನಿನ ಮರಿ ಬಿಟ್ರ ಐದ ನಿಮಿಷ ಬದುಕಂಗಿಲ್ಲ. ಈಗ ಬೋರ್ಡ ನೋಡ್ರಿ.”

ಮೂತಿ ಅದ್ದಿದೆ. ನಲವತ್ತು ತಲೆಗಳು ಬೋರ್ಡಿನ ಕಡೆ ತಿರುಗಿದವು. ಹದಿಮೂರು ಪಾಯಿಂಟ್ ಒಂಬತ್ತು.

“ನೋಡ್ರಪಾ!” ಎಂದು ಅಡಿವೆಯ್ಯನವರು ಕೂಗಿದರು. “ಗ್ಲಾಸಿನ ನೀರಿಗೂ ಬಂತು!”

ಒಬ್ಬರು ಕೈಮುಗಿದರು. ಇನ್ನೊಬ್ಬರು ಆ ನೀರನ್ನು ತೀರ್ಥ ಕೊಡಿ ಎಂದು ಬೊಗಸೆ ಒಡ್ಡಿದರು. ನಾನು ಗಾಬರಿಯಾಗಿ ಗ್ಲಾಸನ್ನು ನೆಲಕ್ಕೆ ಸುರಿದೆ. ಇಪ್ಪತ್ತೆಂಟು ವರ್ಷದ ವಿದ್ಯೆ ಮಣ್ಣಿನಲ್ಲಿ ಇಂಗಿಹೋಯಿತು.

ಇನ್ನು ವಾದ ಸಾಕೆಂದು ಕೆಲಸಕ್ಕೆ ಕುಳಿತೆ. ಮೂತಿ ಬಿಚ್ಚಿದರೆ ಒಳಗೆ ಹುಣಸೆ ನಾರು, ಬೂದಿ, ಕೆಸರು. ಬೆಳ್ಳಿಯ ಉಂಗುರ ಕಪ್ಪಾಗಿತ್ತು. ಅದನ್ನು ನಯವಾದ ಕಾಗದದಿಂದ ಉಜ್ಜಿ, ಶುದ್ಧ ನೀರಿನಿಂದ ತೊಳೆದು, ಹೊಸ ಪೊರೆಯ ಮುಚ್ಚಳಕ್ಕೆ ಉಪ್ಪುನೀರು ತುಂಬಿ, ಗುಳ್ಳೆ ಉಳಿಯದ ಹಾಗೆ ಉಗುರಿನಿಂದ ತಟ್ಟಿ ತಟ್ಟಿ ತಿರುಪಿದೆ. ಮುಚ್ಚಳ ಬದಲಿಸಿದ ಮೇಲೆ ಸೆನ್ಸರಿಗೆ ಕಾಲು ಗಂಟೆ ಕರೆಂಟು ಕೊಟ್ಟು ಸುಮ್ಮನೆ ಬಿಡಬೇಕು, ಅದು ಕೂಡಲೇ ನಿಜ ಹೇಳುವುದಿಲ್ಲ. ಆಮೇಲೆ ಒದ್ದೆ ಬಟ್ಟೆಯ ಮೇಲೆ ಗಾಳಿಯಲ್ಲಿ ಹಿಡಿದು ಅಂಕಿ ಹೊಂದಿಸಿದೆ. ಏಳು ಪಾಯಿಂಟ್ ಆರು. ನೀರಿಗಿಳಿಸಿದೆ. ಅಂಕಿ ಮೆಟ್ಟಿಲಿಳಿಯುವ ಮುದುಕರ ಹಾಗೆ ಒಂದೊಂದೇ ಇಳಿದು ಒಂದು ಪಾಯಿಂಟ್ ಒಂಬತ್ತಕ್ಕೆ ನಿಂತಿತು.

ಮರುಕ್ಷಣ ಚಕ್ರ ಗರ್ ಎಂದು ತಿರುಗಿ ನೀರು ಚಿಮ್ಮಿತು. ಬಾಯಿ ತೆರೆದು ತೇಲುತ್ತಿದ್ದ ಮೀನುಗಳು ಒಂದೊಂದಾಗಿ ಆ ನೊರೆಯ ಕಡೆ ತಿರುಗಿದವು. ಅಕ್ಕ ದಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಈ ಖುಷಿ ಮೂರು ನಿಮಿಷ ಇತ್ತು.

“ಏನ ಮಾಡಿದ್ರಿ ಇದು!” ಅಡಿವೆಯ್ಯನವರ ಧ್ವನಿ ಒಡೆದಿತ್ತು. “ನೀವು ಕೈ ಹಚ್ಚೂತನಕ ಹದಿನಾಲ್ಕಿತ್ತು!”

ಹಿಂದಿನಿಂದ ಯಾರೋ, “ವಿಭೂತಿ ಒರಸಿದ್ದಕ್ಕ ಹಿಂಗಾತು,” ಎಂದರು.

ನನ್ನ ಹೆಸರು ಹಾಶಿಮ. ನಾನು ಒರೆಸಿದ್ದು ವಿಭೂತಿ. ಸುತ್ತಲೂ ನಲವತ್ತು ಜನ. ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ಬೈಕು ಎಷ್ಟು ದೂರದಲ್ಲಿದೆ ಎಂದು ಕಣ್ಣು ತಾನಾಗಿಯೇ ಅಳೆಯಿತು. ಆದರೆ ಅಡಿವೆಯ್ಯನವರು ಆ ಮಾತಾಡಿದವನ ಮೇಲೆ ಹರಿಹಾಯ್ದರು.

“ಬಾಯಿ ಮುಚ್ಚಲೇ! ವಿಭೂತಿ ನಮ್ಮ ಮನ್ಯಾಗ ರಾಶಿಗಟ್ಟಲೆ ಐತಿ, ಬೇಕಂದ್ರ ಮತ್ತ ಹಚ್ಚೂಣು. ನಂಬರ ಎಲ್ಲಿಂದ ತರ್ತಿ?”

ಆ ಮನುಷ್ಯನ ಮೇಲೆ ನನಗೆ ಎಷ್ಟೇ ಸಿಟ್ಟಿದ್ದರೂ ಆ ಮಾತಿಗಾಗಿ ಅವರನ್ನು ಅರ್ಧ ಕ್ಷಮಿಸಿದ್ದೇನೆ. ಅವರಿಗೆ ದೇವರಿಗಿಂತ ಅಂಕಿ ದೊಡ್ಡದಾಗಿತ್ತು, ಅವತ್ತು ನನ್ನ ಮೈ ಉಳಿದದ್ದು ಅದರಿಂದ.

ವಿಷಯ ಏನೆಂದರೆ, ಗುರುವಾರ ಯೋಜನೆಯ ಸಾಹೇಬರು ಸಂಜೀವಕುಮಾರ ಎಂಬವರು ಬರುವವರಿದ್ದರು. ಹನ್ನೆರಡು ಕೆರೆಗಳಲ್ಲಿ ಉತ್ತಮ ಕೆರೆ ಎಂದು ಈ ಊರಿಗೆ ಫಲಕ ಕೊಡುವುದಿತ್ತು. ದಿನವೂ ಬೋರ್ಡಿನ ಫೋಟೋ ತೆಗೆದು ಆಫೀಸಿನ ವಾಟ್ಸಾಪ್ ಗ್ರೂಪಿಗೆ ಕಳಿಸುವುದು ಅಧ್ಯಕ್ಷರ ಕೆಲಸ. ಐದು ದಿನ ಹದಿನಾಲ್ಕು ಕಳಿಸಿದವರು ಆರನೆಯ ದಿನ ಒಂದು ಪಾಯಿಂಟ್ ಒಂಬತ್ತು ಕಳಿಸುವುದು ಹೇಗೆ? ಅವರು ಉಡದಾರದಿಂದ ಕೀಲಿ ಬಿಚ್ಚಿದರು.

“ಗುರುವಾರ ತನಕ ಎಲ್ಲಾ ಬಂದ್ ಇಡ್ತೇನಿ. ಕರೆಂಟ ಹೋಗೈತಿ ಅಂತ ಹೇಳಿದ್ರಾತು.”

“ಅಯ್ಯನವರ, ಗುರುವಾರಕ್ಕ ನಾಕ ದಿನಾ ಐತ್ರಿ,” ಎಂದಳು ಅಕ್ಕ. “ಚಕ್ರ ನಿಂತ್ರ ನಾಳಿಗೇ ಎಲ್ಲಾ ಸಾಯ್ತಾವು.”

“ನೀರಾಗಿನವು ಸತ್ರ ಮತ್ತ ತರಬಹುದವ್ವಾ. ಊರ ಮರ್ಯಾದಿ ಹೋದ್ರ?” ಆಮೇಲೆ ನನ್ನ ಹತ್ತಿರ ಬಂದು ಧ್ವನಿ ತಗ್ಗಿಸಿದರು. “ಹಾಶಿಮಭಾಯಿ, ನೀರಾಗ ಎಷ್ಟರ ಇರ್ಲಿ, ನನಗ ಬ್ಯಾಡ. ಚಕ್ರ ತಿರಗಲಿ. ಬೋರ್ಡನಾಗ ಮಾತ್ರ ಹದಿನಾಲ್ಕು ಪಾಯಿಂಟ ಆರ ಇರ್ಬೇಕು. ಆಗತೈತೇನು?”

ಆಗುತ್ತದೆ. ಕಂಬದ ಪೆಟ್ಟಿಗೆಯಿಂದ ಚಕ್ರಕ್ಕೊಂದು ತಂತಿ, ಬೋರ್ಡಿಗೊಂದು ತಂತಿ ಬೇರೆಬೇರೆಯಾಗಿ ಹೋಗಿದ್ದವು. ಬೋರ್ಡಿನ ತಂತಿ ಕಿತ್ತು ಅದಕ್ಕೆ ಬೇರೆ ಕಡೆಯಿಂದ ಒಂದಿಷ್ಟು ಕರೆಂಟು ಕೊಟ್ಟರೆ ಬೇಕಾದ ಅಂಕಿ ಬರೆಯಬಹುದು. ಹತ್ತು ನಿಮಿಷದ ಕೆಲಸ. ಆದರೆ ನನ್ನ ಅಂಗಡಿಯ ಬೋರ್ಡು ಕಣ್ಣ ಮುಂದೆ ಬಂತು. ಅಂಥ ಕೆಲಸ ನಾನು ಮಾಡುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ.

ಅಕ್ಕ ನನ್ನ ತೋಳು ಹಿಡಿದಳು. “ಹಾಶಿಮ, ಮೀನ ಬೋರ್ಡ ಓದಂಗಿಲ್ಲ,” ಎಂದಳು.

ಚೀಲದ ತಳದಲ್ಲಿ ಹಳೆಯ ರೇಡಿಯೊದ ವಾಲ್ಯೂಮ್ ಗುಂಡಿ ಒಂದಿತ್ತು. ಅದನ್ನೇ ಬೋರ್ಡಿನ ಹಿಂದೆ ಕೂರಿಸಿದೆ. ಚಕ್ರಕ್ಕೆ ನಿಜವಾದ ಅಂಕಿ, ಬೋರ್ಡಿಗೆ ಗುಂಡಿ. ತಿರುಗಿಸುತ್ತ ಹೋದೆ. ಒಂಬತ್ತು, ಹನ್ನೊಂದು, ಹದಿಮೂರು. ಹದಿನಾಲ್ಕು ಪಾಯಿಂಟ್ ಆರಕ್ಕೆ ನಿಲ್ಲಿಸಿ ಗುಂಡಿ ಅಲುಗದ ಹಾಗೆ ಅಂಟು ಹಾಕಿದೆ. ಕೆಲಸ ಮಾತ್ರ ಅಚ್ಚುಕಟ್ಟಾಗಿತ್ತು, ಅದರಲ್ಲಿ ನಾನು ಯಾವತ್ತೂ ಕೈ ಬಿಗಿ ಹಿಡಿದವನಲ್ಲ.

“ಹದಿನೈದ ಆಗಂಗಿಲ್ಲೇನ್ರಿ?” ಎಂದರು ಅಡಿವೆಯ್ಯನವರು, ಆಸೆಯಿಂದ.

“ಹದಿನೈದಂದ್ರ ಮಂದಿ ನಂಬಂಗಿಲ್ರಿ,” ಎಂದೆ ನಾನು, ತಜ್ಞನ ಗತ್ತಿನಲ್ಲಿ.

ಗುರುವಾರ ಸಂಜೀವಕುಮಾರರು ಬಂದರು. ನಾನೂ ದೂರದಲ್ಲಿ ನಿಂತಿದ್ದೆ. ಕಲಿತ ಮನುಷ್ಯ, ನೀರಿನ ಲೆಕ್ಕವೇ ಅವರ ಕಸುಬು. ಬೋರ್ಡು ನೋಡಿದ ಕೂಡಲೇ ಹುಬ್ಬೇರಿಸಿ, ಇದು ಹೇಗೆ ಸಾಧ್ಯ ಎಂದು ಕೇಳುತ್ತಾರೆ, ನನ್ನ ಗುಟ್ಟು ಬಯಲಾಗುತ್ತದೆ ಎಂದು ನನಗೆ ಅರ್ಧ ಭಯ, ಅರ್ಧ ಆಸೆ. ಅವರು ಹುಬ್ಬೇರಿಸಿದ್ದು ನಿಜ.

“ಬಿಸಿಲಿಗೆ ಫೋಟೋದಲ್ಲಿ ನಂಬರ್ ಕಾಣ್ತಾ ಇಲ್ಲ. ಯಾರಾದ್ರೂ ಒಂದು ಛತ್ರಿ ಹಿಡೀರಿ,” ಎಂದರು.

ಛತ್ರಿ ಹಿಡಿದರು. ಫೋಟೋ ಆಯಿತು. ಆಮೇಲೆ ಅವರ ಕಣ್ಣು ಕೆರೆಯ ಕಡೆ ಹೋಯಿತು. ಚಕ್ರ ಜೋರಾಗಿ ತಿರುಗುತ್ತಿತ್ತು. ಹದಿನಾಲ್ಕು ಇರುವ ಕೆರೆಯಲ್ಲಿ ಚಕ್ರ ತಿರುಗಬಾರದು, ಅದನ್ನು ಅವರ ಕರಪತ್ರದಲ್ಲೇ ಬರೆದಿತ್ತು.

“ಅದ್ಯಾಕೆ ತಿರುಗ್ತಾ ಇದೆ?” ಎಂದರು.

“ನಿಮ್ಮ ಸ್ವಾಗತಕ್ಕರಿ ಸಾಹೇಬ್ರ,” ಎಂದರು ಅಡಿವೆಯ್ಯನವರು.

ಸಾಹೇಬರ ಮುಖ ಅರಳಿತು. ಫಲಕ ಕೊಟ್ಟರು, ಮೈಕಿನಲ್ಲಿ ‘ಜನರ ಸಹಭಾಗಿತ್ವ’ ಎಂಬ ಮಾತನ್ನು ಆರು ಸಲ ಹೇಳಿದರು, ಗಿರಮಿಟ್ಟು ತಿಂದು ಹೋದರು.

ಮರುವಾರ ಉಳಿದ ಹನ್ನೊಂದು ಕೆರೆಗಳಿಗೆ ಪತ್ರ ಹೋಯಿತು. ಇಂಥ ಊರಿನ ಕೆರೆ ಹದಿನಾಲ್ಕು ಪಾಯಿಂಟ್ ಆರು ಸಾಧಿಸಿದೆ, ನಿಮ್ಮದು ಆರು, ಏಳರಲ್ಲೇ ಯಾಕಿದೆ, ಕಾರಣ ತಿಳಿಸಿ. ಆರು, ಏಳು ಎಂದರೆ ಮೀನು ಕುಣಿಯುವ ನೀರು. ಅದಕ್ಕೆ ಕಾರಣ ಕೇಳಿದ್ದರು. ಬೆದರಿದ ಅಧ್ಯಕ್ಷರೆಲ್ಲ ಅಡಿವೆಯ್ಯನವರಿಗೆ ಫೋನು ಮಾಡಿದರು. ಅವರು ದೊಡ್ಡ ಮನಸ್ಸಿನಿಂದ ಹುಣಸೆಹಣ್ಣಿನಿಂದ ಹಿಡಿದು ಊದಿನಕಡ್ಡಿಯವರೆಗೆ ಎಲ್ಲವನ್ನೂ ಒಂದು ಧ್ವನಿ ಸಂದೇಶದಲ್ಲಿ ಹೇಳಿ ಗ್ರೂಪಿಗೆ ಹಾಕಿದರು. ಗುಂಡಿಯ ವಿಷಯ ಮಾತ್ರ ಮರೆತರು. ಮರೆತದ್ದೋ, ಅಥವಾ ನಡುವೆ ನಾನು ಕೆಡಿಸಿದ್ದನ್ನು ನಾನೇ ಸರಿಮಾಡಿಕೊಟ್ಟೆ ಎಂದು ನಿಜವಾಗಿ ನಂಬಿದ್ದರೋ, ಇವತ್ತಿಗೂ ನನಗೆ ತಿಳಿದಿಲ್ಲ.

ಆ ಸಂದೇಶ ಸುತ್ತಿ ಸುತ್ತಿ ನನ್ನ ಫೋನಿಗೂ ಬಂತು. ಅಡಿವೆಯ್ಯನವರು ಗಂಭೀರವಾಗಿ, “ಹುಣಚಿಹಣ್ಣ ಹಳೇದಿರಬೇಕು, ಹೊಸಾದು ಬ್ಯಾಡ,” ಎನ್ನುವಲ್ಲಿ ನನಗೆ ನಕ್ಕು ನಕ್ಕು ಕೆಮ್ಮು ಹತ್ತಿತು. ಹೆಂಡತಿ ಇಶ್ರತಳಿಗೂ ಕೇಳಿಸಿದೆ. ಅವಳು ನಗಲಿಲ್ಲ. ಮೊದಲು ಆ ಹನ್ನೊಂದು ಊರಿನವರಿಗೆ ಫೋನು ಮಾಡಿ, ಸೆನ್ಸರು ತಿಕ್ಕಬೇಡಿ ಎಂದು ಹೇಳಿ, ನಗುವುದು ಆಮೇಲೆ ಇರಲಿ ಎಂದಳು.

ಹೇಳಬಹುದಿತ್ತು. ಹೇಳಿದರೆ, ಹಾಗಾದರೆ ಅಲ್ಲಿ ಹದಿನಾಲ್ಕು ಹೇಗೆ ಬಂತು ಎಂದು ಕೇಳುತ್ತಿದ್ದರು. ಅಕ್ಕನ ಬಲೆ ಬೀಸುವುದು ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ದೀಪಾವಳಿ ಮುಗಿದು ಬಲೆ ಬಿತ್ತು. ಎರಡು ಟೆಂಪೊ ತುಂಬ ಕಾಟ್ಲಾ, ರೋಹು. ಅಕ್ಕನ ಸಂಘದ ಕೆರೆ ಇನ್ನೂ ಐದು ವರ್ಷಕ್ಕೆ ಸಂಘದ್ದೇ ಆಯಿತು. ನಮ್ಮ ಮನೆಗೂ ಒಂದು ದೊಡ್ಡ ಕಾಟ್ಲಾ ಬಂತು, ಇಶ್ರತ ತಲೆಯದೇ ಬೇರೆ ಸಾರು ಮಾಡಿದಳು. ಅದನ್ನು ಚೀಪುತ್ತ ಕುಳಿತವನಿಗೆ ಫೋನು ಮಾಡುವುದು ನೆನಪಾಯಿತು. ನಾಳೆ ಮಾಡೋಣ ಎಂದುಕೊಂಡೆ.

ಎಂಟು ದಿನ ಬಿಟ್ಟು, ಹನ್ನೊಂದು ಗಂಟೆಯ ಹೊತ್ತಿಗೆ, ಜೋಯಿಡಾ ಕಡೆಯ ಒಬ್ಬ ಮನುಷ್ಯ ಅಂಗಡಿಗೆ ಬಂದ. ಹೆಸರು ಪುಂಡಲೀಕ. ಹನ್ನೆರಡು ಕೆರೆಗಳಲ್ಲಿ ಒಂದರ ಸಮಿತಿಯವನು. ಒದ್ದೆ ಟವೆಲಿನಲ್ಲಿ ಏನನ್ನೋ ಸುತ್ತಿ, ಎಳೆಗೂಸನ್ನು ಎತ್ತಿಕೊಂಡ ಹಾಗೆ ತಂದಿದ್ದ.

“ಹಾಶಿಮ ಮಿಸ್ತ್ರಿ ನೀವ ಅಲ್ರಿ? ನಿಮ್ಮ ಬೋರ್ಡ ನೋಡಿ ಬಂದೆ. ಈ ಮೀಟರ ಬರೋಬರಿ ಐತಿ ಅಂತ ಒಂದ ಚೀಟಿ ಬರದ ಕೊಡ್ರಿ. ಪೊಲೀಸರು ಕೇಳ್ಯಾರ.”

“ಪೊಲೀಸರು ಯಾಕ?”

“ನಮ್ಮ ಕೆರ್ಯಾಗ ಒಂದ ದಿನಕ್ಕ ಎಲ್ಲಾ ಮೀನ ಸತ್ತಾವ್ರಿ. ಒಂದೂ ಉಳಿಲಿಲ್ಲ. ಬೋರ್ಡನಾಗ ಅವತ್ತ ಮುಂಜಾನೆನೂ ಹದಿನಾಲ್ಕಿತ್ತು. ಗಾಳಿಗೆ ಕಮ್ಮಿ ಇರಲಿಲ್ಲ ಅಂದಮ್ಯಾಲ ವಿಷಾ ಹಾಕ್ಯಾರ ಅಂತಾತಲ್ರಿ? ಲಗಮಪ್ಪ ಅಂತ ಒಬ್ಬ ಕೂಲಿ ಮನಿಷ್ಯಾ. ಹಿಂದಿನ ದಿನಾ ದಂಡಿಮ್ಯಾಲ ಸ್ಪ್ರೇ ಪಂಪ ತೊಳದಿದ್ದ. ಹಿಡದು ಕೊಟ್ಟೇವಿ. ನಾ ಹಾಕಿಲ್ಲ, ನಾ ಹಾಕಿಲ್ಲ ಅಂತಾನ. ಮಂದಿ ಬಡದಿದ್ದಕ್ಕ ಕೈ ಮುರದೈತಿ. ನಾನೂ ಎರಡ ಕೊಟ್ಟೆ, ಸುಳ್ಳ ಯಾಕ ಹೇಳ್ಲಿ.”

ನಾನು ಟವೆಲು ಬಿಚ್ಚಿದೆ. ಮೂತಿಯ ಮೇಲೆ ನೀರಿನಲ್ಲಿ ಮಾಸಿದ ಮೂರು ಪಟ್ಟಿ ವಿಭೂತಿ, ನಡುವೆ ಕುಂಕುಮದ ಕಲೆ. ಅಂಚಿನಲ್ಲಿ ಹುಣಸೆ ನಾರು, ಹಳೆಯ ಹುಣಸೆಹಣ್ಣಿನದು, ಕಪ್ಪಗಿತ್ತು. ಪೊರೆ ಉದ್ದಕ್ಕೆ ಸೀಳಿತ್ತು. ಸೆನ್ಸರಿಗೆ ಅಂಗಡಿಯ ಮೀಟರು ಜೋಡಿಸಿ, ಗ್ಲಾಸಿನಲ್ಲಿ ನೀರು ಹಿಡಿದು, ಬಿಳಿ ಪುಡಿ ಕಲಕಿ ಮೂತಿ ಅದ್ದಿದೆ. ಈ ನೀರಿನಲ್ಲಿ ಸೊನ್ನೆ ಬರಬೇಕು ಎಂದು ಅವನಿಗೆ ಹೇಳಿದೆ. ಹದಿಮೂರು ಪಾಯಿಂಟ್ ಏಳು ಬಂತು.

ಪುಂಡಲೀಕ ಕೈಮುಗಿಯಲಿಲ್ಲ, ತೀರ್ಥವನ್ನೂ ಕೇಳಲಿಲ್ಲ. ಒಂದು ಸಲ ನೋಡಿದ್ದಕ್ಕೇ ಅವನಿಗೆ ಅರ್ಥವಾಯಿತು.

“ಹಂಗಾರ ಗಾಳಿ ಇಲ್ದ ಸತ್ತಾವು.”

“ಹೌದ್ರಿ. ಇದು ಹದಿನಾಲ್ಕು ಅಂತ ಹೇಳಿದ್ದಕ್ಕ ಚಕ್ರ ತಿರಗಿಲ್ಲ.”

“ಲಗಮಪ್ಪ ಏನೂ ಮಾಡಿಲ್ಲ.”

“ಇಲ್ಲ.”

ಅವನು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. 

“ಒಂದ ಮಾತ ಹೇಳ್ರಿ ಮಿಸ್ತ್ರಿ. ಹಳಿಯಾಳ ಕಡೆ ಆ ಕೆರ್ಯಾಗೂ ಹದಿನಾಲ್ಕ ಐತಿ. ಅವರೂ ಹಿಂಗ ತಿಕ್ಕ್ಯಾರ, ಹಿಂಗ ವಿಭೂತಿ ಹಚ್ಚ್ಯಾರ. ಅಲ್ಲಿ ಮೀನ ಹೆಂಗ ಉಳದ್ವು?”

ಹೊರಗೆ ಬಸ್ಸು ಹಾರ್ನು ಹೊಡೆಯುತ್ತಿತ್ತು. ಕೇಳಿಸಲಿಲ್ಲ ಎಂದು ನಟಿಸಲು ಅಷ್ಟು ಸದ್ದು ಸಾಕಿತ್ತು. ಜಗತ್ತಿನ ಎಲ್ಲ ಅಧ್ಯಕ್ಷರನ್ನೂ ಸಾಹೇಬರನ್ನೂ ಗೇಲಿ ಮಾಡಿಕೊಂಡು ಬಂದ ನನ್ನ ನಾಲಗೆಗೆ ಈಗ ನನ್ನದೇ ಸರದಿ ಬಂದಿತ್ತು.

“ಅಲ್ಲಿ ಮೀನಿಗೊಂದು ನಂಬರ, ಮಂದಿಗೊಂದು ನಂಬರ ಇಟ್ಟೇನ್ರಿ,” ಎಂದೆ. “ನಾನ ಇಟ್ಟೇನಿ, ನನ್ನ ಅಕ್ಕನ ಮೀನ ಉಳಿಲಿ ಅಂತ. ನಿಮ್ಮ ತನಕ ಮಂದಿ ನಂಬರ ಅಷ್ಟ ಬಂತು.”

ಅವನು ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಹಗುರಾಗುತ್ತಿತ್ತು. ಪುಂಡಲೀಕ ಸ್ಟೂಲಿನ ಮೇಲೆ ಕುಳಿತು ಟವೆಲಿನಿಂದ ಮುಖ ಒರೆಸಿಕೊಂಡ. “ಬರೀರಿ ಹಂಗಾರ,” ಎಂದ.

ಬಿಲ್ ಪುಸ್ತಕ ತೆಗೆದು ಬರೆದೆ. ಈ ಮೀಟರಿನ ಪೊರೆ ಹರಿದಿದೆ, ಇದು ತೋರಿಸಿದ ಅಂಕಿ ಸುಳ್ಳು, ಇದರ ಮಾತು ನಂಬಿ ಯಾರನ್ನೂ ಹಿಡಿಯಬಾರದು. ಇನ್ನೊಂದು ಕೆರೆಯ ಬೋರ್ಡಿನಲ್ಲಿ ಹದಿನಾಲ್ಕು ಪಾಯಿಂಟ್ ಆರು ಎಂದು ಬೇಕೆಂದೇ ಕೂರಿಸಿದವನು ನಾನು. ಆ ಅಂಕಿ ನೋಡಿ ಇವರು ಮೋಸ ಹೋದರು. ಇದು ಪೊಲೀಸರ ಕೈಸೇರಿದರೆ ಅಕ್ಕನ ಐದು ವರ್ಷದ ಕೆರೆ ಏನಾಗುತ್ತದೆ ಎಂಬ ಯೋಚನೆ ಬಂತು. ಪೆನ್ನು ನಿಂತಿತು. ಲಗಮಪ್ಪನ ಮುರಿದ ಕೈ ನಾನು ನೋಡಿರಲಿಲ್ಲ, ಆದರೂ ಕಂಡಿತು. ಸಹಿ ಹಾಕಿ, ಫೋನ್ ನಂಬರ್ ಬರೆದು, ಹರಿದು ಕೊಟ್ಟೆ.

ಪುಂಡಲೀಕ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದ. ಕೊನೆಯವರೆಗೆ ಓದಿ, ಮತ್ತೆ ಮೇಲಕ್ಕೆ ಹೋಗಿ, ಹಾಳೆಯ ತಲೆಯ ಮೇಲೆ ಅಚ್ಚಾಗಿದ್ದ ‘ಸುಳ್ಳು ಹೇಳುವ ಮೀಟರುಗಳನ್ನು’ ಎಂಬ ಸಾಲನ್ನೂ ಓದಿದ. ಚೀಟಿಯನ್ನು ಮೇಜಿನ ಮೇಲಿಟ್ಟು ನನ್ನ ಕಡೆ ಸರಿಸಿದ.

“ಮ್ಯಾಲಿನ ಸಾಲ ಹೊಡದ ಹಾಕ್ರಿ,” ಎಂದ.

ನಾನು ಪೆನ್ನು ತೆಗೆದುಕೊಂಡು ಆ ಸಾಲನ್ನು ಹೊಡೆದುಹಾಕಿದೆ. ಆಮೇಲೆ ಅಂಗಡಿಯ ಷಟರ್ ಎಳೆದು ಅವನ ಜೊತೆ ಜೋಯಿಡಾ ಬಸ್ಸು ಹತ್ತಿದೆ.